ಪಂಪಿಗೆ ಸುತ್ತಿದ ತಂತಿ

"ಪಂಪ್ ಕೆಟ್ರೆ ಬದಲಾಯಿಸಿ ಅಳಿಯಂದ್ರೇ, ಬೇಡ ಅನ್ನಲ್ಲ. ಆದ್ರೆ ಆ ತಂತಿ ಬಿಸಾಕ್ಬೇಡಿ. ಹೊಸ ಪಂಪಿಗೂ ಅದನ್ನೇ ಸುತ್ತಿ."

ಒಳಗಿದ್ದ ಮಗಳಿಗೆ ಕೇಳಿಸಬಾರದೆಂದು ಅತ್ತೆ ಪಿಸುಗುಟ್ಟಿದರು. ಅಳಿಯ ಬಾನೆಟ್ಟಿನೊಳಗಿಂದ ತಲೆಯೆತ್ತಿ ನಕ್ಕ.

ಅವನು ಮೆಕ್ಯಾನಿಕ್. ಮದುವೆಯಾಗಿ ಬಂದ ಮೇಲೆ ತೀರಿಹೋದ ಮಾವನ ಹಳೆಯ ಕಾರು ಅವನ ಪಾಲಿಗೆ ಬಂದಿತ್ತು. ಎಣ್ಣೆ, ನೀರು, ಬೆಲ್ಟು ಎಲ್ಲವನ್ನೂ ಹೊತ್ತುಹೊತ್ತಿಗೆ ನೋಡುತ್ತಿದ್ದ. ಆದರೂ ವಾಟರ್ ಪಂಪ್ ಮಾತ್ರ ವರ್ಷ ತುಂಬುವ ಮೊದಲೇ ಕೈಕೊಡುತ್ತಿತ್ತು. ಬೇರಿಂಗ್ ಕಿರುಗುಟ್ಟುವುದು, ನೀರು ಸೋರುವುದು, ಇಂಜಿನ್ ಕುದಿದು ನಡುರಸ್ತೆಯಲ್ಲಿ ನಿಲ್ಲುವುದು. ಗ್ಯಾರೇಜಿನಲ್ಲಿ ಎಲ್ಲರೂ ಅವನ ಕಾಲೆಳೆಯುತ್ತಿದ್ದರು.

"ಈ ತಂತಿ ಉಜ್ಜಿ ಉಜ್ಜಿನೇ ಪಂಪ್ ಹಾಳಾಗ್ತಿರೋದು ಅತ್ತೆ. ಮಾಟವಂತೆ, ಮಣ್ಣಂಗಟ್ಟಿ!"

"ಹಾಳಾಗ್ಲಿ ಬಿಡಿ. ಹಾಳಾಗ್ಲಿ ಅಂತಾನೇ ಕಟ್ಟಿಸಿದ್ದು."

ಅವನನ್ನು ದಡ್ಡ ಎನ್ನುವಂತಿಲ್ಲ. ತಂತಿ ಉಜ್ಜುತ್ತಿದ್ದದ್ದು ನಿಜವೇ. ಇಂಜಿನ್ ಮಾಡಿದವರು ಇಡದ ವಸ್ತು ಒಂದೂ ಅದರೊಳಗೆ ಇರಬಾರದು ಎಂಬುದು ಅವನು ಕೆಲಸ ಕಲಿತಾಗಿನಿಂದ ಪಾಲಿಸಿದ ನೇಮ. ಅತ್ತೆ ಒಳಗೆ ಹೋದದ್ದೇ ತಡ, ತಂತಿ ಕತ್ತರಿಸಿದ. ತಾಮ್ರದ ಸುರುಳಿಯೊಳಗೆ ಎಳೆಮಗುವಿನ ನವಿರು ಕೂದಲಿತ್ತು. ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಣ್ಣಗಿರುವ ಇಂಜಿನ್ನಿನಲ್ಲಿ ಸುಟ್ಟದ್ದೇನು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅದನ್ನು ಗುಜರಿಗೆ ಎಸೆದ.

ಹೊಸ ಪಂಪ್ ಬಾಳಿತು. ವರ್ಷ ಕಳೆದರೂ ಒಂದು ತೊಟ್ಟು ಸೋರಲಿಲ್ಲ. ಅವನು ಅದನ್ನು ಹೇಳಿಕೊಂಡು ಮೆರೆಯುತ್ತಿದ್ದಾಗಲೇ ಹೆಂಡತಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಪಾದ ಊದಿಕೊಂಡವು. ಈ ವಯಸ್ಸಿಗೆ ಹೃದಯ ಹೀಗೆ ಸವೆಯಬಾರದಿತ್ತು ಎಂದರು ಡಾಕ್ಟರು.

"ನಿಮ್ಮ ಗಾಡಿ ನಿಂತ್ರೆ ಬೆಳಗಾಗೋದ್ರೊಳಗೆ ಸರಿಮಾಡ್ತೀರಿ," ಎಂದು ಅವಳು ಅವನನ್ನು ರೇಗಿಸಿದಳು. "ನನ್ನೂ ಒಂದ್ಸಲ ಬಿಚ್ಚಿ ನೋಡ್ರೀ."

ನಗುತ್ತಲೇ ಅವನು ಅವಳ ಎದೆಗೆ ಕಿವಿಯಿಟ್ಟ. ಕಿರ್... ಕಿರ್... ಸವೆದ ಬೇರಿಂಗಿನ ಸದ್ದು. ಅವನು ದಡಕ್ಕನೆ ಎದ್ದ.

ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಹೋಗಿ ನಿಂತ. ಅವನ ಮುಖ ನೋಡಿದ್ದೇ ಅವರ ಕೈಯಿಂದ ಲೋಟ ಜಾರಿತು.

"ತಂತಿ ತೆಗೆದ್ರಾ?"

ಅವನು ತಲೆತಗ್ಗಿಸಿದ.

"ನಮ್ಮ ವಾರಗಿತ್ತಿ ತನ್ನ ಮಗು ಸತ್ತಾಗ, ನಿನ್ನ ಮಗಳ ಎದೇನೂ ನಿಂತುಹೋಗ್ಲಿ ಅಂತ ಮಾಟ ಮಾಡಿಸಿದ್ಲು. ತೆಗೆಯೋಕಾಗಲ್ಲ, ಇನ್ನೊಂದ್ರ ಮೇಲೆ ತಿರುಗಿಸ್ಬಹುದು ಅಂದ ಮಂತ್ರವಾದಿ. ಮನುಷ್ಯರ ಮೇಲೆ ತಿರುಗಿಸೋಕೆ ಮನಸ್ಸು ಬರಲಿಲ್ಲಪ್ಪ. ಇವಳ ಹುಟ್ಟುಗೂದಲು ತಂತೀಲಿ ಸುತ್ತಿ ಗಾಡಿ ಮೇಲೆ ತಿರುಗಿಸಿದ್ವಿ. ಅದು ಕೆಟ್ಟಾಗೆಲ್ಲ ಇವಳು ಉಳೀತಿದ್ಲು."

ಆ ಮಂತ್ರವಾದಿ ಸತ್ತು ಎಷ್ಟೋ ಕಾಲವಾಗಿತ್ತು. ಗುಜರಿಯ ತಂತಿ ಯಾವಾಗಲೋ ಕರಗಿಹೋಗಿತ್ತು. ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಕುಸಿದುಬಿದ್ದಳು. ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಅವಳನ್ನು ಒಳಗೆ ಕರೆದೊಯ್ದ ಮೇಲೆ ಬಾಗಿಲು ಮುಚ್ಚಿತು. ಅತ್ತೆ ಬಾಗಿಲ ಬಳಿಯೇ ಉಳಿದರು. ಅವನು ಕಾರಿನತ್ತ ಓಡಿದ.

ಗಾಡಿ ಕೆಡಬೇಕು. ಕೆಟ್ಟರೆ ಅವಳು ಉಳಿಯುತ್ತಾಳೆ.

ರೇಡಿಯೇಟರಿನ ನೀರನ್ನೆಲ್ಲ ಹೊರಗೆ ಬಿಟ್ಟ. ಇಂಜಿನ್ ಸ್ಟಾರ್ಟ್ ಮಾಡಿದ. ಆಕ್ಸಿಲರೇಟರ್ ತುಳಿದೇ ತುಳಿದ. ಬಿಸಿಯ ಮುಳ್ಳು ಅಲುಗಲಿಲ್ಲ. ಬೆಲ್ಟ್ ಕತ್ತರಿಸಿದ. ಪಂಪ್ ತಿರುಗುತ್ತಲೇ ಇತ್ತು. ಬೆಲ್ಟಿಲ್ಲದೆ. ನೀರಿಲ್ಲದೆ. ಒಂದಿಷ್ಟೂ ಸದ್ದಿಲ್ಲದೆ. ಸುತ್ತಿಗೆ ತೆಗೆದು ಬಡಿದ. ಗೀರೂ ಬೀಳಲಿಲ್ಲ. ಬರಿಗೈಯಲ್ಲಿ ಹಿಡಿದ. ಅಂಗೈ ಚರ್ಮ ಕಿತ್ತುಬಂತು. "ಕೆಡೇ... ನಿನ್ನ ಕಾಲಿಗೆ ಬೀಳ್ತೀನಿ, ಕೆಡೇ ತಾಯಿ..." ಜನ ಸೇರಿದರು. ಅವನಿಗೆ ಯಾರೂ ಕಾಣಲಿಲ್ಲ.

ಯಾರೋ ಕೈ ಚಾಚಿ ಇಂಜಿನ್ ಆಫ್ ಮಾಡಿದರು. ಅತ್ತೆ. ಸೆರಗಿನಿಂದ ಅವನ ರಕ್ತ ಒರೆಸಿದರು.

"ಸಾಕು ಬಿಡಪ್ಪ. ಅವಳನ್ನ ಮನೆಗೆ ಕರ್ಕೊಂಡು ಹೋಗೋಣ."

ಸಂಜೆ ಬಿಳಿ ಬಟ್ಟೆ ಸುತ್ತಿದ ಅವಳನ್ನು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿದರು. ಅವನು ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.