ಬಳೆಗಾರ್ತಿ ಕಟ್ಟಿದ ಬೆಳಕಿನ ಮರ

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ನಡುವೆ ಕೆಂಗೊಳ ಎಂಬ ರಾಜ್ಯವಿತ್ತು. ಮಬ್ಬುಗಾರನೆಂಬ ಮಾಂತ್ರಿಕ ಅಲ್ಲಿನ ಸಿಂಹಾಸನ ಕೇಳಿದ. ರಾಜ ವೀರಮಲ್ಲ ಕೊಡಲಿಲ್ಲ. ಮಾಂತ್ರಿಕ ಬೆಟ್ಟದ ತುದಿಯಲ್ಲಿ ಒಂದು ಕರಿಗಲ್ಲು ನೆಟ್ಟ. ಕಲ್ಲಿನಿಂದ ಮಬ್ಬು ಎದ್ದು ಆಕಾಶವನ್ನೆಲ್ಲ ಮುಚ್ಚಿತು. ಬಿಸಿಲಿಲ್ಲದೆ ಪೈರು ಬಿಳಿಚಿಕೊಂಡಿತು, ಮಕ್ಕಳ ಕಾಲು ಸೊಟ್ಟಗಾದವು.

ಸೈನಿಕರು ಕಲ್ಲನ್ನು ಸುತ್ತಿಗೆಯಿಂದ ಹೊಡೆದರು, ಸುತ್ತಿಗೆಗಳೇ ಮುರಿದವು. ಬೆಂಕಿ ಹಚ್ಚಿದರು; ಬೆಂಕಿ ಮಬ್ಬಿನಲ್ಲಿ ಆರಿಹೋಯಿತು.

ಬಳೆಗಾರ್ತಿ ದೇವೀರಿಯ ಮಗಳು ಪುಟ್ಟತಾಯಿಗೆ ನಾಲ್ಕು ವರ್ಷವಾದರೂ ನಿಲ್ಲಲು ಬರುತ್ತಿರಲಿಲ್ಲ. ದೇವೀರಿ ಗಂಡ ಚನ್ನಿಗನಿಗೆ ಹೇಳಿದಳು: "ಬಿಸಿಲು ಪೂರ್ತಿ ಸತ್ತಿಲ್ಲ, ಚೂರುಚೂರಾಗಿ ಬೀಳುತ್ತಿದೆ. ಆ ಚೂರುಗಳನ್ನು ಒಂದೇ ಕಡೆ ಸೇರಿಸಿದರೆ ಕಲ್ಲು ಸೀಳೀತು."

ಅವಳು ನೀಲಿ ಗಾಜು ಕರಗಿಸಿ ಮರ ಮಾಡಿದಳು. ಕಾಂಡ ಎರಡು ಕವಲಾಯಿತು, ಪ್ರತಿ ಕವಲು ಮತ್ತೆರಡಾಯಿತು. ಹೀಗೆ ಕವಲೊಡೆದು ತುದಿಯಲ್ಲಿ ಸಾವಿರ ಎಲೆ ನಿಂತವು. ಅದನ್ನು ಹೊತ್ತು ಬೆಟ್ಟ ಹತ್ತಿದಳು.

ಕಲ್ಲನ್ನು ಸುತ್ತಿಕೊಂಡು ಕುರುಡು ಹೆಬ್ಬಾವೊಂದು ಮಲಗಿತ್ತು.

"ನನ್ನನ್ನು ನುಂಗುತ್ತೀಯಾ?" ಎಂದಳು ದೇವೀರಿ.

"ಮಬ್ಬುಗಾರನ ಅಪ್ಪಣೆ ಇರುವುದು ಹಾಗೆಯೇ. ಆದರೆ ಈ ಚಳಿಗೆ ಬಾಯಿ ಅಗಲಿಸಲಾರೆ, ತಾಯಿ. ನಿನ್ನ ಕೆಲಸ ಮಾಡು."

ಮರವನ್ನು ಕಲ್ಲಿನ ಮೇಲೆ ನಿಲ್ಲಿಸಿದಳು. ಎಲೆಗಳು ಬೆಳಕು ಹಿಡಿದವು, ಕಲ್ಲು ಮಾತ್ರ ತಣ್ಣಗೇ ಇತ್ತು. ಹಾವು ನಾಲಿಗೆ ಚಾಚಿ ಬೆಳಕಿನ ಬಿಸಿಯನ್ನು ತಡವಿ ಹೇಳಿತು: "ಬೆಳಕು ಕೊಂಬೆಯಿಂದ ಕೊಂಬೆಗೆ ಸುಮ್ಮನೆ ಅಲೆಯುತ್ತಿದೆ. ಇಳಿಯಲು ಅದಕ್ಕೆ ಇಳಿಜಾರಿಲ್ಲ."

ದೇವೀರಿ ಕಾಮನಬಿಲ್ಲಿನ ಬಣ್ಣಗಳನ್ನೇ ಇಳಿಜಾರಾಗಿಸಿ ಎರಡನೆಯ ಮರ ಮಾಡಿ ತಂದು ಕಲ್ಲಿನ ಮೇಲೆ ನಿಲ್ಲಿಸಿದಳು. ಎಲೆಗಳು ನೇರಳೆ, ಒಳಗಿನ ಕವಲು ನೀಲಿ, ಆಮೇಲೆ ಹಸಿರು, ಹಳದಿ, ಬುಡದಲ್ಲಿ ಒಂದು ಕೆಂಪು ಮಣಿ. ಬೆಳಕು ಬಣ್ಣದಿಂದ ಬಣ್ಣಕ್ಕೆ ಇಳಿಯತೊಡಗಿತು. ಆದರೆ ಕೊಂಬೆಗಳು ಉದ್ದವಾಗಿದ್ದವು.

"ಅರ್ಧದಲ್ಲೇ ಆರುತ್ತಿದೆ, ತಾಯಿ. ಅಷ್ಟು ದೂರ ನೆಗೆಯಲಾರದು," ಎಂದಿತು ಹಾವು.

ದಟ್ಟವಾಗಿ ಕೊಂಬೆ ಹೆಣೆಯಬೇಕಿದ್ದ ಮೂರನೆಯ ಮರಕ್ಕೆ ಹಳೆಯ ಎರಡು ಮರಗಳ ಗಾಜು ಸಾಲಲಿಲ್ಲ. ಇನ್ನು ಉಳಿದದ್ದು ಹೆಂಗಸರ ಕೈಬಳೆ ಮಾತ್ರ. ಬಳೆ ತೆಗೆದವಳ ಗಂಡ ಸಾಯುತ್ತಾನೆಂದು ಮಬ್ಬುಗಾರ ಊರೆಲ್ಲ ಹಬ್ಬಿಸಿದ. ಒಬ್ಬರೂ ಮುಂದೆ ಬರಲಿಲ್ಲ. ದೇವೀರಿಯೂ ಬಳೆಗೆ ಹಾಕಿದ ಕೈ ಹಿಂತೆಗೆದಳು. ಆಗ ಚನ್ನಿಗ, "ನಾನು ಸಾಯುವುದಾದರೆ ಸಾಯುತ್ತೇನೆ, ಮಗು ನಡೆಯಲಿ," ಎಂದು ಅವಳ ಬಳೆಗಳನ್ನು ತಾನೇ ಒಂದೊಂದಾಗಿ ಕಳಚಿದ. ಎಲ್ಲರೂ ಅವನನ್ನೇ ನೋಡಿದರು. ಚನ್ನಿಗ ಒಂದು ಚೊಂಬು ನೀರು ಕುಡಿದು ಸೌದೆ ಒಡೆಯಲು ಹೋದ. ಆಮೇಲೆ ರಾಣಿ ಬಳೆ ತೆಗೆದಳು, ಬಳಿಕ ಊರಿಗೆ ಊರೇ ತೆಗೆಯಿತು.

ಆ ಬಳೆ ಕರಗಿಸಿ ಮಾಡಿದ ಮರ ಕಲ್ಲನ್ನೇರಿತು; ಈ ಸಲ ಕೊಂಬೆಗಳು ಗಿಡ್ಡ, ಒಂದಕ್ಕೊಂದು ಹತ್ತಿರ. ಬೆಳಕು ಎಲೆಯಿಂದ ನೀಲಿಗೆ, ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ನೆಗೆಯುತ್ತ ಬಂದು ಕೆಂಪು ಮಣಿಯೊಳಗೆ ಸೇರಿತು. ಮಣಿ ಕೆಂಡವಾಯಿತು. ಮಬ್ಬುಗಾರ ಓಡಿ ಬಂದು ಮರಕ್ಕೆ ಕೈಹಾಕುವಷ್ಟರಲ್ಲಿ ಕಲ್ಲು ಎರಡು ಹೋಳಾಯಿತು. ಮಬ್ಬು ಕರಗಿತು, ಅದರ ಜೊತೆಗೆ ಅವನೂ ಕರಗಿದ. ಹೆಬ್ಬಾವು ಮೈ ಚಾಚಿ ಬಿಸಿಲಿನಲ್ಲಿ ಮಲಗಿತು.

"ಏನು ಬೇಕು, ಕೇಳು ತಾಯಿ," ಎಂದ ರಾಜ.

"ಒಂದು ಗಾಡಿ ಸೌದೆ ಕಳಿಸಿ, ಸ್ವಾಮಿ. ಸೀಮೆಯ ಹೆಂಗಸರೆಲ್ಲ ಬರಿಗೈಯಲ್ಲಿದ್ದಾರೆ."

ಗಾಡಿ ಬಂತು, ಒಲೆ ಉರಿಯಿತು, ಮರ ಕರಗಿ ಮತ್ತೆ ಬಳೆಗಳಾಯಿತು. ಪೈರು ಹಸಿರಾಯಿತು, ಪುಟ್ಟತಾಯಿ ನಡೆದಳು, ಕೆಂಗೊಳದ ಜನ ನೂರು ಕಾಲ ಸುಖವಾಗಿ ಬಾಳಿದರು.