ಮೀಸೆಮೀನಿನ ಮೂರು ಹೆರಿಗೆ

ಅಜ್ಜಿಯಂದಿರ ಅಜ್ಜಿಯರಿಗೂ ನೆನಪಿಲ್ಲದಷ್ಟು ಹಿಂದೆ ಕನ್ನಡಿಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಯಾರ ಮೇಲೆ ಪ್ರೀತಿ ಬಂದರೂ ಬಿಸಿನೀರು ಕಾಯಿಸುವುದು ಪದ್ಧತಿ. ನೆಂಟರ ಕಾಲಿಗೆ ಬಿಸಿನೀರು, ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು, ಮುನಿಸಿಕೊಂಡ ಗಂಡನ ಬೆನ್ನಿಗೂ ಬಿಸಿನೀರು. ತಣ್ಣೀರು ಕೊಟ್ಟರೆ ಹಗೆತನವೆಂದೇ ಅರ್ಥ.

ಅಲ್ಲಿ ಗಾಜಿನ ಬಳೆ ಮಾಡುವ ಕೆಂಚಿ ಎಂಬ ವಿಧವೆ ಇದ್ದಳು. ಆರು ವರ್ಷದ ಮಗಳು ಚಿಗುರಿಯೇ ಅವಳ ಲೋಕ. ಮಗಳಿಗೆ ಎರೆಯುವಾಗ ಪ್ರತಿ ತಂಬಿಗೆಯಿಂದಲೂ ಮೊದಲು ತನ್ನ ಮಣಿಕಟ್ಟಿಗೆ ತುಸು ಸುರಿದು, ಬಿಸಿ ಹದ ನೋಡಿ, ಆಮೇಲೆ ತಲೆಗೆ ಹಾಕುತ್ತಿದ್ದಳು.

ಒಂದು ದಿನ ಮಬ್ಬುಗಣ್ಣನೆಂಬ ಮಾಂತ್ರಿಕ ಬಂದ. ಮಕ್ಕಳ ಉಸಿರು ಕದ್ದು ತನ್ನ ಆಯಸ್ಸು ಬೆಳೆಸಿಕೊಳ್ಳುವುದು ಆ ಪಾಪಿಯ ಕಸುಬು. ಚಿಗುರಿಯ ಮೂಗಿನ ಮುಂದೆ ಚಿಟಿಕೆ ಹೊಡೆದ. ಮಗು ಕಣ್ಣು ಮುಚ್ಚಿ ಬೊಂಬೆಯಂತೆ ಬಿದ್ದಿತು. ಅವನು ಹೆಬ್ಬೆರಳುದ್ದದ ಮೂರು ಮೀಸೆಮೀನುಗಳನ್ನು ಕೆಂಚಿಯ ಗಾಜಿನ ತೊಟ್ಟಿಗೆ ಬಿಟ್ಟ.

"ಎರಡು ಗಂಡು, ಒಂದು ಹೆಣ್ಣು. ಹೆಣ್ಣಿನ ಹೊಟ್ಟೇಲಿ ನಿನ್ನ ಮಗಳ ಉಸಿರಿದೆ. ಕೊಯ್ದರೆ ಉಸಿರು ಹೋಯ್ತು. ಅದರ ಒಂದೇ ಒಂದು ಮರಿ ಈಜಿದರೂ ಮಗಳು ಏಳ್ತಾಳೆ, ನಾನು ಬೂದಿಯಾಗ್ತೀನಿ. ಆದರೆ ಅದು ಮೊಟ್ಟೆ ಇಡೋದು ಮೂರೇ ಸಲ."

ಬಾಗಿಲಲ್ಲಿ ತಿರುಗಿ ನಿಂತು ನಕ್ಕ. "ಕಾವಲಿಗೆ ಹುಲಿ, ಹಾವು ಏನೂ ಇಡಲ್ಲ ಕಣೆ. ನಿನ್ನ ಪ್ರೀತಿಯೇ ಸಾಕು."

ಕೆಂಚಿಗೆ ಆ ಮಾತು ಅರ್ಥವಾಗಲಿಲ್ಲ. ತೊಟ್ಟಿಯನ್ನು ಬಳೆಯ ಕುಲುಮೆಯ ಪಕ್ಕಕ್ಕೆ ಎಳೆದಳು. ಬೆಂಕಿ ಆರದಂತೆ ನೋಡಿಕೊಂಡಳು. ಮಗಳ ಉಸಿರು ಹೊತ್ತ ಮೀನಿಗೆ ಶೀತವಾದರೆ ಏನು ಗತಿ? ನೀರನ್ನು ಮಣಿಕಟ್ಟಿಗೆ ಸುರಿದು ನೋಡಿ, ಹಿತವಾಗಿ ಬೆಚ್ಚಗಿದ್ದರೇ ತೊಟ್ಟಿಗೆ ಹಾಕುತ್ತಿದ್ದಳು.

ವರ್ಷ ಒಂದಾಯಿತು, ಎರಡಾಯಿತು, ಒಂಬತ್ತಾಯಿತು. ಮೀನು ಮೊಟ್ಟೆ ಇಡಲಿಲ್ಲ. ಚಿಗುರಿ ಬೆಳೆಯಲಿಲ್ಲ. ಅವಳ ಕೈಬಳೆ ಅಂದು ಎಷ್ಟು ಸಡಿಲವಿತ್ತೋ ಇಂದೂ ಅಷ್ಟೇ ಸಡಿಲವಿತ್ತು. ಕೆಂಚಿ ದಿನವೂ ಅದನ್ನು ತಿರುಗಿಸಿ ನೋಡಿ ಅಳುತ್ತಿದ್ದಳು.

ಒಂಬತ್ತನೆಯ ಮಳೆಗಾಲದಲ್ಲಿ ಹೆಂಚು ಒಡೆದು ಮಳೆನೀರು ತೊಟ್ಟಿಗೆ ಸುರಿಯಿತು. ಬೆಳಗಾದರೆ ಗಾಜಿನ ಮೇಲೆಲ್ಲ ಸಾಬಕ್ಕಿ ಅಂಟಿಸಿದ ಹಾಗೆ ಮೊಟ್ಟೆ! ಹೆತ್ತವರು ಕಾಯುತ್ತಾರೆಂದು ನಂಬಿ ಕೆಂಚಿ ದೇವರಿಗೆ ದೀಪವಿಡಲು ಓಡಿದಳು. ಬರುವಷ್ಟರಲ್ಲಿ ಹೆತ್ತವರೇ ಅಷ್ಟನ್ನೂ ತಿಂದು ಮೀಸೆ ಸವರಿಕೊಳ್ಳುತ್ತಿದ್ದರು.

ಅವಳು ಹೆಂಚು ಹೊದಿಸಿದಳು. ಮತ್ತೆ ನೀರು ಬೆಚ್ಚಗೆ ಮಾಡಿದಳು. ಏನು ಮಾಡುವುದು, ಹುಟ್ಟುಗುಣ ಸುಟ್ಟರೂ ಹೋಗದು.

ಮತ್ತೆ ಹನ್ನೊಂದು ವರ್ಷ ಕಳೆಯಿತು. ಆ ವರ್ಷ ಹೊಳೆ ಉಕ್ಕಿ ಸೌದೆಯೆಲ್ಲ ನೆನೆದು, ಕುಲುಮೆ ಮೂರು ದಿನ ಆರಿತು. ಮೀನು ಮೊಟ್ಟೆ ಇಟ್ಟಿತು. ಈ ಸಲ ಕೆಂಚಿ ಮೊಟ್ಟೆಗಳನ್ನು ಬಿಡಿಸಿ ಬಟ್ಟಲಿಗೆ ಹಾಕಿ, ಹೇಗೋ ಬೆಂಕಿ ಹೊತ್ತಿಸಿ, ಬೆಚ್ಚನೆಯ ನೀರು ಹುಯ್ದು, ಕಂಬಳಿ ಸುತ್ತಿದಳು. ಮೂರನೆಯ ದಿನಕ್ಕೆ ಎಲ್ಲಕ್ಕೂ ಹತ್ತಿಯಂಥ ಬಿಳಿ ಬೂಷ್ಟು ಹಿಡಿದಿತ್ತು.

ಕೆಂಚಿ ನೆಲಕ್ಕೆ ಕುಸಿದಳು. ಇಪ್ಪತ್ತು ವರ್ಷದ ಆಸೆ ಸೋರಿಹೋಗಿತ್ತು. ಬದುಕುವುದೂ ಬೇಡವಾಗಿತ್ತು. ತೊಟ್ಟಿಗೆ ಹಣೆಯಿಟ್ಟು, "ನಿನಗೇನು ಬೇಕೇ ತಾಯೀ?" ಎಂದಳು.

ಹೆಣ್ಣುಮೀನು ಮೇಲೆ ಬಂದು ಮಾತಾಡಿತು. "ಇಪ್ಪತ್ತು ವರ್ಷಕ್ಕೆ ಕೇಳಿದೆಯಲ್ಲಾ! ನಾನು ಹೊಳೆಯವಳು. ಹೊಸಮಳೆಯ ತಂಪು ಮೈಗೆ ಬಿದ್ದರೇ ನನ್ನ ಹೆರಿಗೆ. ನೀನು ಹೆರೋಕೆ ಮುಂಚೆನೇ ನನ್ನನ್ನ ಬಾಣಂತಿ ಮಾಡಿ ಕೂರಿಸಿದೀಯ. ನೀರು ತಣ್ಣಗಿಡು. ಮೊಟ್ಟೆ ಇಟ್ಟ ತಕ್ಷಣ ಬೇರೆ ಮಾಡು. ಹಸಿವಾದಾಗ ನನ್ನನ್ನೂ ನಂಬಬೇಡ. ಕಾಡುಬಾದಾಮಿಯ ಒಣಗೆಲೆ ನೆನೆಹಾಕು, ಬೂಷ್ಟು ಹತ್ತಲ್ಲ."

ಕೆಂಚಿ ಕುಲುಮೆ ಆರಿಸಿದಳು, ಒಲೆಯನ್ನೂ ಆರಿಸಿದಳು. ಮಗಳನ್ನೇ ಚಳಿಗೆ ದೂಡಿದಂತೆ ಅವಳಿಗೆ ಅನ್ನಿಸಿತು. "ಒಲೆ ಆರಿಸಿದಳು, ಮಗಳ ಆಸೆ ಬಿಟ್ಟಳು" ಎಂದು ಓಣಿಯವರು ನಿಟ್ಟುಸಿರಿಟ್ಟರು. ಅವಳು ಬಾವಿಯ ತಣ್ಣೀರು ಸೇದಿ ಸೇದಿ ಹುಯ್ದಳು.

ಮೀನು ಕೊನೆಯ ಸಲ ಮೊಟ್ಟೆ ಇಟ್ಟಿತು. ಇಪ್ಪತ್ತೇ ಇಪ್ಪತ್ತು. ಬೇರೆ ಮಾಡಿ ಎಲೆ ಹಾಕಿದಳು. ಆದರೂ ದಿನವೂ ಕೆಲವು ಬೆಳ್ಳಗಾದವು. ಅವನ್ನು ಆರಿಸಿ ತೆಗೆಯುತ್ತಾ ಅವಳ ಕೈ ಮರಗಟ್ಟಿತು. ಹತ್ತೊಂಬತ್ತು ಹೋದವು. ಉಳಿದ ಒಂದನ್ನು ನೋಡಲಾರದೆ ಬೆನ್ನು ಮಾಡಿ ಕೂತಳು.

ಬಟ್ಟಲಲ್ಲಿ ಕಡ್ಡಿಯಂಥ ಮರಿಯೊಂದು ಬಾಲ ಬಡಿಯಿತು, ಈಜಿತು. ಮಬ್ಬುಗಣ್ಣ ತಾನಿದ್ದಲ್ಲೇ ಹಿಡಿ ಬೂದಿಯಾದ. ಮಂಚದ ಮೇಲೆ ಯಾರೋ ಸೀನಿದರು.

ಚಿಗುರಿ ಎದ್ದು ಕೂತಿದ್ದಳು. ಕೆಂಚಿ ಓಡಿಬಂದು ಅವಳ ಕೆನ್ನೆ ಹಿಡಿದಳು.

"ಅಜ್ಜೀ, ನಿನ್ನ ಕೈ ತಣ್ಣಗಿದೆ. ನಮ್ಮವ್ವ ಎಲ್ಲಿ?"

ಕೆಂಚಿಯ ಎದೆ ಒಡೆಯಿತು. ಆದರೂ, "ಅವ್ವ ನೀರು ಕಾಯಿಸ್ತಾಳೆ, ಬಾ ಮಗಾ" ಎಂದು ಒಲೆ ಹೊತ್ತಿಸಿದಳು.

ಬಚ್ಚಲಲ್ಲಿ ಮಗು ಬಾಗಿಲನ್ನೇ ನೋಡುತ್ತಾ ಅವ್ವನಿಗಾಗಿ ಕಾಯುತ್ತಿತ್ತು. ಕೆಂಚಿ ಮೊದಲ ತಂಬಿಗೆ ಎರೆದಳು, ಎರಡನೆಯದನ್ನು ಎರೆದಳು. ಮೂರನೆಯದನ್ನೂ ಮಣಿಕಟ್ಟಿಗೆ ತುಸು ಸುರಿದು ಹದ ನೋಡುತ್ತಿದ್ದಾಗ ಪುಟ್ಟ ಕೈಯೊಂದು ಆ ಮಣಿಕಟ್ಟನ್ನು ಗಪ್ಪನೆ ಹಿಡಿಯಿತು.

"ಅವ್ವಾ! ನಿನ್ನ ತಲೆಕೂದಲಿಗೆ ಯಾಕೆ ಸುಣ್ಣ ಬಿತ್ತು?"

ಆಮೇಲೆ ಅವರಿಬ್ಬರೂ ಬಿಸಿನೀರಿನಲ್ಲಿ, ಮೀಸೆಮೀನುಗಳು ತಣ್ಣೀರಿನಲ್ಲಿ, ಬಹುಕಾಲ ಸುಖವಾಗಿದ್ದರು.