ಮೂರನೆಯ ಗುಂಡಿ

"ಈ ಗುಂಡಿ ಹೊಲಿದವಳು ಯಾರ್ರೀ?"

ಅಂಗಿ ಹಿಡಿದು ನಿಂತ ಹೆಂಡತಿಯ ದನಿಗೆ ಅವನು ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು.

"ಯಾವ... ಗುಂಡಿ?"

"ಮೇಲಿಂದ ಮೂರನೇದು. ಇದು ನನ್ನ ಕೈ ಹೊಲಿಗೆ ಅಲ್ಲ."

"ಗುಂಡಿ ಎಲ್ಲಾ ಒಂದೇ ತರ ತಾನೇ ಇರೋದು..."

ಯಾರ ಮುಂದೆ ಈ ಮಾತು! ಮುಂಗೋಣೆಯಲ್ಲಿ ಮಿಷನ್ ಹಾಕಿಕೊಂಡು ವರ್ಷಗಟ್ಟಲೆಯಿಂದ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವವಳು ಅವಳು. ಅವಳು ಗುಂಡಿ ಹೊಲಿದರೆ ದಾರ ಎರಡು ಗೆರೆಯಾಗಿ ಕೂರುತ್ತದೆ. ಇಲ್ಲಿ ಅಡ್ಡಡ್ಡ ಕೂತಿದೆ. ದಾರವೂ ಅವಳ ಡಬ್ಬಿಯದಲ್ಲ, ಕಪ್ಪು ರೇಷ್ಮೆಯದು. ಹಿಂದಿನ ಗಂಟಂತೂ... ಅಷ್ಟು ಚಿಕ್ಕ, ಅಷ್ಟು ಬಿಗಿಯಾದ ಗಂಟನ್ನು ಅವಳು ಕಂಡೇ ಇರಲಿಲ್ಲ.

ಎಷ್ಟು ಪ್ರೀತಿಯಿಂದ ಹಾಕಿದ್ದಾಳೋ ಮಿಟುಕಲಾಡಿ!

"ತಡ ಆಯ್ತು" ಎಂದು ಅವನು ಬೇರೆ ಅಂಗಿ ತೊಟ್ಟು ಜಾರಿಕೊಂಡ.

ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯಲು ಬರುವವರಲ್ಲಿ ಅರ್ಧಕ್ಕರ್ಧ ಹುಡುಗಿಯರು. ಪಕ್ಕದಲ್ಲೇ ಕೂತು "ನಿಧಾನಮ್ಮಾ... ಬ್ರೇಕು, ಬ್ರೇಕು!" ಅನ್ನುವುದೇ ಕೆಲಸ. ಬೀದಿಗೆಲ್ಲ ಅವನು ಬ್ರೇಕ್ ಮೇಷ್ಟ್ರು. ಇಷ್ಟು ದಿನ ಆ ಹೆಸರಿಗೆ ನಗುತ್ತಿದ್ದವಳ ಹೊಟ್ಟೆಯಲ್ಲಿ ಅಂದು ಬೆಂಕಿ ಬಿತ್ತು.

ಮದುವೆಯಾಗಿ ಆರು ವರ್ಷ, ಮಡಿಲು ತುಂಬಿಲ್ಲ. ಸೂಜಿ, ಮಾತ್ರೆ, ಸ್ಕ್ಯಾನು ಅಂತ ಅಲೆದವಳು ಅವಳೊಬ್ಬಳೇ. ಯಾವ ರಿಪೋರ್ಟಿನಲ್ಲೂ ತೊಂದರೆಯಿಲ್ಲ. ಆದರೂ ಅತ್ತೆ, "ನಮ್ಮ ವಂಶದಲ್ಲಿ ಇಂಥದ್ದು ಇರ್ಲಿಲ್ಲಪ್ಪ" ಎಂದು ಗೋಡೆಗೆ ಹೇಳಿದಂತೆ ಅವಳಿಗೆ ಹೇಳುತ್ತಿದ್ದರು.

ಮಗು ಕೊಡುವವಳನ್ನು ಹುಡುಕಿಕೊಂಡುಬಿಟ್ಟನೇ?

ಗುರುವಾರ ಮಧ್ಯಾಹ್ನ ಪಾಠವಿಲ್ಲದಿದ್ದರೂ ಅವನು ತಲೆ ಬಾಚಿ ಹೊರಟ. ಅದೇ ಗುಂಡಿಯ ಅಂಗಿ! ಅವಳು ಅರ್ಧ ಹೊಲಿದ ಕುಪ್ಪಸ ಬಿಟ್ಟೆದ್ದು ಹಿಂದೆಯೇ ನಡೆದಳು. ಮೂರು ಬೀದಿ ದಾಟಿ ಅವನು ಒಂದು ಕಟ್ಟಡದ ಮೆಟ್ಟಿಲು ಹತ್ತಿದ. ಮೇಲೆ ಹೋಗಿ ನೋಡಿದರೆ, ಕೌಂಟರಿನ ಹುಡುಗಿಯ ಜೊತೆ ನಗುನಗುತ್ತಾ ಮಾತು!

"ನನ್ನ ಗಂಡನ ಅಂಗಿಗೆ ಗುಂಡಿ ಹೊಲಿದವಳು ನೀನೇನಮ್ಮಾ?"

ಹುಡುಗಿಯ ಕೈಯಿಂದ ಪೆನ್ನು ಬಿತ್ತು. "ಅಯ್ಯೋ ಅಕ್ಕಾ, ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ! ಅದು ನಮ್ಮ ಡಾಕ್ಟ್ರು..."

"ಎಲ್ಲಿ ಆ ಡಾಕ್ಟ್ರಮ್ಮ? ಕರಿ ಅವಳನ್ನ!"

ಒಳಬಾಗಿಲು ತೆರೆಯಿತು. ಬೋಳುತಲೆ, ಪೊದೆ ಮೀಸೆ, ಅರವತ್ತರ ಹತ್ತಿರದ ಗಂಡಸು.

"ನಾನೇಮ್ಮಾ ಹೊಲಿದಿದ್ದು. ಯಾಕೆ, ಬಿಚ್ಚಿ ಹೋಯ್ತಾ?"

ಆಗ ಅವಳಿಗೆ ಫಲಕ ಕಾಣಿಸಿತು. ಯೂರಾಲಜಿಸ್ಟ್. ಪುರುಷರ ಸಂತಾನ ಸಮಸ್ಯೆಗೆ ಚಿಕಿತ್ಸೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಇಬ್ಬರನ್ನೂ ಒಳಗೆ ಕೂರಿಸಿ, "ಮೊದ್ಲು ನೀವಿಬ್ರು ಮಾತಾಡ್ಕೊಳ್ಳಿ" ಎಂದು ಹೊರಗೆ ಹೋದರು.

"ತೊಂದ್ರೆ ಇರೋದು ನನ್ನಲ್ಲಿ ಕಣೇ..." ಅವನು ನೆಲ ನೋಡುತ್ತ ಹೇಳಿದ. "ಮೂರು ಜನರ ಹತ್ರ ಹೋದೆ. ಮೊದಲನೆಯವರು ನನ್ನ ಮುಖಾನೂ ನೋಡ್ಲಿಲ್ಲ. ಎರಡನೆಯವರು ಪರೀಕ್ಷೆ ಮಾಡೋಕೆ ಮುಂಚೇನೇ ಮಗು ಗ್ಯಾರಂಟಿ ಅಂದ್ರು. ಬ್ರೇಕಿಲ್ಲದ ಗಾಡಿ! ಇವರ ಮುಂದೆ ನಂಗೆ ಮಾತೇ ಹೊರಡ್ಲಿಲ್ಲ. ಗುಂಡಿ ತಿರುಚ್ತಾ ಕೂತಿದ್ದೆ, ಕಿತ್ತು ಕೈಗೆ ಬಂತು. ಅಂಗಿ ಇಸ್ಕೊಂಡು ಇವರೇ ಹೊಲಿಯೋಕೆ ಕೂತ್ರು. 'ನಮ್ಮ ಕೆಲಸಾನೂ ಹೊಲಿಗೇನೇ, ನಿಧಾನವಾಗಿ ಹೇಳಿ' ಅಂದ್ರು. ಗಂಟು ಹಾಕೋ ಹೊತ್ತಿಗೆ ಎಲ್ಲಾ ಹೇಳ್ಬಿಟ್ಟಿದ್ದೆ. ಇವರೇ ಸಾಕು ಅನ್ನಿಸ್ತು."

"ಏನಂದ್ರು?"

"ವೀರ್ಯಾಣು ಕಮ್ಮಿಯಂತೆ. ಒಂದು ನರ ಊದಿದೆ, ಸಣ್ಣ ಆಪರೇಷನ್ನು. ಆಮೇಲೂ ಮಗು ಆಗೇ ಆಗುತ್ತೆ ಅಂತ ಮಾತು ಕೊಡಲ್ಲ ಅಂದ್ರು."

ಇನ್ನೊಬ್ಬ ಹೆಣ್ಣಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಅವಳ ಹೊಟ್ಟೆಕಿಚ್ಚು ಇಮ್ಮಡಿಯಾಯಿತು!

"ಆ ಮೀಸೆ ಡಾಕ್ಟ್ರ ಮೇಲೆ ನಂಗೆ ಹೊಟ್ಟೆಕಿಚ್ಚು ಕಣ್ರೀ! ಆರು ವರ್ಷದಿಂದ ಪಕ್ಕದಲ್ಲಿರೋ ನಂಗೆ ಹೇಳದೇ ಇದ್ದಿದ್ದನ್ನ, ಒಂದು ಗುಂಡಿ ಹೊಲಿಯೋ ಹೊತ್ತಲ್ಲಿ ಅವರಿಗೆ ಹೇಳಿದ್ರಲ್ಲಾ... ಅತ್ತೆ ಮಾತೆಲ್ಲ ನಾನು ನುಂಗಿಕೊಂಡಿದ್ದು ನಿಮಗೆ ಕಾಣಿಸ್ಲೇ ಇಲ್ವಾ?"

"ಕಾಣಿಸ್ತು. ಅದಕ್ಕೇ ಇಲ್ಲಿಗೆ ಬಂದೆ. ಆದ್ರೆ ನಿಂಗೆ ಹೇಳಿದ್ರೆ... ಇವನೆಂಥ ಗಂಡಸು ಅಂತ ಬಿಟ್ಟು ಹೋಗ್ತೀಯೇನೋ..."

"ಬಿಟ್ಟು ಹೋಗೋಳು ಒಂದು ಗುಂಡಿಗೆ ಇಷ್ಟು ರಂಪ ಮಾಡ್ತಾಳಾ?"

ಅವನು ತಲೆಯೆತ್ತಿದ. ಜೇಬಿನಿಂದ ಫೋನ್ ತೆಗೆದ.

"ಅಮ್ಮಾ, ತೊಂದ್ರೆ ಇರೋದು ಅವಳಲ್ಲಿ ಅಲ್ಲ, ನನ್ನಲ್ಲಿ. ಇನ್ಮೇಲೆ ಅವಳಿಗೆ ಒಂದು ಮಾತೂ ಅನ್ನಬೇಡ." ಪೂರ್ತಿ ಹೇಳಿಯೇ ಫೋನ್ ಇಟ್ಟ.

ಅವಳಿಗೆ ದುಃಖ ತಡೆಯಲಾಗಲಿಲ್ಲ. ಅವನ ಎದೆಗೊರಗಿದಾಗ ಆ ಮೂರನೆಯ ಗುಂಡಿ ಕೆನ್ನೆಗೊತ್ತಿತು.

"ಇದನ್ನ ಕಿತ್ತು ಮತ್ತೆ ಹೊಲೀತೀಯಾ?"

"ಬೇಡ. ಗಂಟು ಗಟ್ಟಿಯಾಗಿದೆ. ಇಂಥ ಕೈ ಆದ್ರೆ ಆಪರೇಷನ್ ಮಾಡ್ಲಿ ಬಿಡಿ." ಅವಳು ಮೂಗೊರೆಸಿಕೊಂಡಳು. "ಆದ್ರೆ ಇನ್ಮೇಲೆ ಗುಂಡಿ ಕಿತ್ರೂ ಸರಿ, ಕಣ್ಣೀರು ಬಂದ್ರೂ ಸರಿ, ಮೊದ್ಲು ಯಾರ ಹತ್ರ ಬರ್ಬೇಕು?"

"ನಿನ್ನ ಹತ್ರ."

"ಆಮೇಲೆ?"

"ಆಮೇಲೆ ಮೀಸೆ ಡಾಕ್ಟ್ರ ಹತ್ರ... ನಿನ್ನನ್ನೂ ಕರ್ಕೊಂಡು."